ರಿಯಲ್ ಅನಾಲಿಸಿಸ್‌ಗೆ ಸೆಮ್ ಕೊನೆಯ ಪರೀಕ್ಷೆ ಬಿಟ್ಟು ಪೋರ್ಟ್‌ಫೋಲಿಯೋ ಇಟ್ಟರೆ ನಡೆಯುತ್ತದಾ?

ಅನಂತಶ್ರೇಣಿ ಕೇಳಿದ್ದು:

ಅಟಾನಮಸ್ ಡಿಗ್ರಿ ಕಾಲೇಜು. ಬಿಎಸ್ಸಿ ಐದನೇ ಸೆಮ್, ಗಣಿತದ ರಿಯಲ್ ಅನಾಲಿಸಿಸ್ ಪೇಪರು. ಒಂದೇ ಸೆಕ್ಷನ್, 58 ಜನ. ವಾರಕ್ಕೆ 4 ಥಿಯರಿ ಕ್ಲಾಸು, 1 ಟ್ಯುಟೋರಿಯಲ್. ಈಗಿರುವ ಹಂಚಿಕೆ: ಇಂಟರ್ನಲ್ಸ್ 50, ಸೆಮ್ ಎಂಡ್ 50.

ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಸೇರಿಸಿಟ್ಟುಕೊಂಡು ಹತ್ತು-ಹನ್ನೆರಡು ಥಿಯರಮ್ ಬಾಯಿಪಾಠ ಮಾಡಿದರೆ ಪಾಸು. ಬೋಲ್ಜಾನೋ-ವಿಯರ್‌ಸ್ಟ್ರಾಸ್ ಪ್ರೂಫ್ ಅಲ್ಪವಿರಾಮ ಸಮೇತ ಬರುತ್ತದೆ. ಆದರೆ ಪ್ರಶ್ನೆಯಲ್ಲಿ ಮುಚ್ಚಿದ ಅಂತರವನ್ನು ತೆರೆದ ಅಂತರ ಮಾಡಿ ಕೇಳಿದರೆ ಪುಟ ಖಾಲಿ.

ಮೂರು ಗಂಟೆಯ ಪೇಪರನ್ನು ತೆಗೆದು ಆ 50 ಅಂಕವನ್ನು ಪೋರ್ಟ್‌ಫೋಲಿಯೋಗೆ (ಸೆಮ್ ಉದ್ದಕ್ಕೂ ವಿದ್ಯಾರ್ಥಿ ಬರೆದ ಕೆಲಸಗಳ ಫೈಲು) ಕೊಡಬೇಕೆಂದು ವಿಭಾಗದಲ್ಲಿ ಮಾತು ನಡೆದಿದೆ. ಒಬ್ಬೊಬ್ಬರಿಗೆ ಎಂಟು ಎಂಟ್ರಿ ಅಂದುಕೊಂಡಿದ್ದೇವೆ. ಇಷ್ಟು ತಿಳಿಯಬೇಕು: ಅದರೊಳಗೆ ಏನೇನಿರಬೇಕು? ನಕಲು ತಡೆಯುವುದು ಹೇಗೆ, ಅದರಲ್ಲೂ ಚಾಟ್‌ಜಿಪಿಟಿ ಕಾಲದಲ್ಲಿ? ತಿದ್ದಲು ಎಷ್ಟು ಹೊತ್ತು ಹಿಡಿಯುತ್ತದೆ? ಪರೀಕ್ಷಾ ವಿಭಾಗ ಒಪ್ಪುವಂತೆ ಇದನ್ನು ಬರೆಯುವುದು ಹೇಗೆ?

ಡೆಲ್ಟಾ_ಸಾಲದು ಉತ್ತರಿಸಿದ್ದು:

ಮೊದಲು ಒಂದು ಎಚ್ಚರಿಕೆ. ‘ಪೋರ್ಟ್‌ಫೋಲಿಯೋ’ ಅಂತ ಹೇಳಿ ಕೈಬಿಟ್ಟರೆ ಅದು ಇನ್ನೊಂದು ಲ್ಯಾಬ್ ರೆಕಾರ್ಡ್ ಆಗುತ್ತದೆ. ಸೀನಿಯರ್ ಫೈಲು, ಬಣ್ಣದ ಪೆನ್ನು, ಕೊನೆಯ ವಾರದ ರಾತ್ರಿ, ಸಹಿ. ಹಾಗಾಗದಿರಲು ಬೇಕಾದದ್ದು ಒಂದೇ ನಿಯಮ: ಮೊದಲ ಡ್ರಾಫ್ಟ್ ಕ್ಲಾಸಿನಲ್ಲೇ ಬರೆಯಬೇಕು, ತಿದ್ದಿದ ಪ್ರತಿಯ ಜೊತೆ ಅದೂ ಫೈಲಿನಲ್ಲಿರಬೇಕು. ಮೊದಲ ಡ್ರಾಫ್ಟ್ ಇಲ್ಲದ ಎಂಟ್ರಿಗೆ ಸೊನ್ನೆ, ತಿದ್ದಿದ ಪ್ರತಿ ಎಷ್ಟೇ ಚೆನ್ನಾಗಿರಲಿ.

ಟ್ಯುಟೋರಿಯಲ್ ಅವಧಿಯಲ್ಲಿ 40 ನಿಮಿಷ, ಫೋನ್ ಬ್ಯಾಗಿನಲ್ಲಿ, ಸೀಲ್ ಹಾಕಿ ನಂಬರ್ ಕೊಟ್ಟ ಎ4 ಹಾಳೆ. ಈ ಡ್ರಾಫ್ಟಿಗೆ ಅಂಕ ಕೊಡಬೇಡಿ. ಕೊಟ್ಟರೆ ಅದೇ ಇನ್ನೊಂದು ಇಂಟರ್ನಲ್ಸ್ ಆಗಿ ಮತ್ತೆ ಬಾಯಿಪಾಠ ಶುರು. ಆದರೆ ಖಾಲಿ ಹಾಳೆಯನ್ನೂ ಒಪ್ಪಬೇಡಿ. ಕನಿಷ್ಠ ಡೆಫಿನಿಶನ್ ಸರಿಯಾಗಿ ಬರೆದು, ಏನನ್ನು ಸಾಧಿಸಬೇಕು ಅನ್ನುವ ಸಾಲಾದರೂ ಇರಬೇಕು.

ಎಂಟು ಎಂಟ್ರಿ ಬೇಡ, ಐದು ಸಾಕು. 50 ಅಂಕವನ್ನು ನಾನಾದರೆ ಹೀಗೆ ಒಡೆಯುತ್ತೇನೆ: ಫೈಲಿಗೆ 25, ವೈವಾಕ್ಕೆ 15, ಪುಸ್ತಕ ಮುಚ್ಚಿದ 45 ನಿಮಿಷದ ಸಣ್ಣ ಟೆಸ್ಟಿಗೆ 10. ಫೈಲಿನ 25ರಲ್ಲಿ ಐದು ಎಂಟ್ರಿಗೆ ತಲಾ 4, ಮುಖಪತ್ರಕ್ಕೆ 5.

ಐದು ಎಂಟ್ರಿ ಹೀಗಿರಬಹುದು. ಒಂದನೆಯದು, ಸೀಕ್ವೆನ್ಸ್ ಲಿಮಿಟ್‌ನ ಪ್ರೂಫ್, ಬರೀ ಡೆಫಿನಿಶನ್‌ನಿಂದ. ಎರಡನೆಯದು, ಒಂದು ಥಿಯರಮ್‌ನ ಷರತ್ತುಗಳನ್ನು ಒಂದೊಂದಾಗಿ ತೆಗೆದು ಪ್ರತಿ ಸಲವೂ ಕೌಂಟರ್ ಎಕ್ಸಾಂಪಲ್ ಕೊಡುವುದು. ಮುಚ್ಚಿದ, ಮಿತಿಯುಳ್ಳ ಅಂತರದ ಮೇಲೆ ಕಂಟಿನ್ಯುಯಸ್ ಫಂಕ್ಷನ್ ತನ್ನ ಗರಿಷ್ಠವನ್ನು ಮುಟ್ಟುತ್ತದೆ ಅನ್ನುವುದು ಇದಕ್ಕೆ ಹೇಳಿ ಮಾಡಿಸಿದಂತಿದೆ: ‘ಮುಚ್ಚಿದ’ ತೆಗೆದರೆ ಒಂದು ಉದಾಹರಣೆ, ‘ಮಿತಿಯುಳ್ಳ’ ತೆಗೆದರೆ ಇನ್ನೊಂದು, ‘ಕಂಟಿನ್ಯುಯಸ್’ ತೆಗೆದರೆ ಮತ್ತೊಂದು. ಮೂರನೆಯದು ರೀಮನ್ ಇಂಟಿಗ್ರಲ್, ಅಪ್ಪರ್-ಲೋಯರ್ ಸಮ್ ಲೆಕ್ಕ ಹಾಕಿ. ಬೇಕಿದ್ದರೆ ಇದರ ಜೊತೆ ಮ್ಯಾಕ್ಸಿಮಾ ಅಥವಾ ಸೈಲ್ಯಾಬ್ ಸಾಫ್ಟ್‌ವೇರಿನಲ್ಲಿ ತೆಗೆದ ಗ್ರಾಫ್ ಒಂದು. ನಾಲ್ಕನೆಯದು ಯೂನಿಫಾರ್ಮ್ ಕನ್ವರ್ಜೆನ್ಸ್, ಅಂದರೆ ಫಂಕ್ಷನ್‌ಗಳ ಸರಣಿ ಎಲ್ಲ ಎಕ್ಸ್‌ಗೂ ಒಂದೇ ಎನ್ ಸಾಲುವಂತೆ ತನ್ನ ಲಿಮಿಟ್‌ಗೆ ಹತ್ತಿರವಾಗುವುದು. ಐದನೆಯದಕ್ಕೆ ನೀವೇ ಒಂದು ತಪ್ಪು ಪ್ರೂಫ್ ಕೊಡಿ. ಮೊದಲು ತಪ್ಪಿದ ಸಾಲು ಯಾವುದು, ಯಾಕೆ, ಹೇಳಿಕೆಯೇ ಸುಳ್ಳೋ ಅಥವಾ ಪ್ರೂಫ್ ಮಾತ್ರ ಸುಳ್ಳೋ ಅಂತ ಅವರು ಹೇಳಬೇಕು. ನನ್ನ ಪ್ರಕಾರ ಐದರಲ್ಲಿ ಹೆಚ್ಚು ಬೆಲೆಬಾಳುವುದು ಇದೇ.

ವೇಳಾಪಟ್ಟಿ: 3, 5, 8, 10, 12ನೇ ವಾರಗಳಲ್ಲಿ ಡ್ರಾಫ್ಟ್. ನಿಮ್ಮ ಟಿಪ್ಪಣಿ ಸಿಕ್ಕ ದಿನದಿಂದ ಏಳು ದಿನದೊಳಗೆ ತಿದ್ದಿದ ಪ್ರತಿ. ಒಂದು ಎಂಟ್ರಿಗೆ ಎರಡು ಸಲ ತಿದ್ದುವ ಅವಕಾಶ, 14ನೇ ವಾರಕ್ಕೆ ಬಾಗಿಲು ಬಂದ್. ಈ ಏಳು ದಿನದ ಗಡುವಿಲ್ಲದಿದ್ದರೆ ನೂರಾರು ಹಾಳೆ ಕೊನೆಯ ವಾರ ಒಟ್ಟಿಗೆ ನಿಮ್ಮ ಮೇಜಿನ ಮೇಲೆ ಬೀಳುತ್ತವೆ. ಆಗ ಯಾರೂ ಓದುವುದಿಲ್ಲ, ಟಿಕ್ ಹಾಕುತ್ತಾರೆ.

ಪ್ರಶ್ನೆ ಎಲ್ಲರಿಗೂ ಒಂದೇ ಬೇಡ. ರೋಲ್ ನಂಬರಿನ ಮೇಲೆ ನಾಲ್ಕು ಬಗೆ ಮಾಡಿ, ಹೊರಗಿನಿಂದ ಒಂದೇ ಥರ ಕಾಣಬೇಕು, ಉತ್ತರ ಬೇರೆ ಬರಬೇಕು. ಯೂನಿಫಾರ್ಮ್ ಕನ್ವರ್ಜೆನ್ಸ್‌ಗೆ ಈ ಜೋಡಿ ನೋಡಿ: ಅಂಶ ‘ಎಕ್ಸ್’, ಛೇದ ‘ಒಂದು ಕೂಡಿಸು ಎನ್ ಎಕ್ಸ್ ವರ್ಗ’. ಇದರ ಗರಿಷ್ಠ ಬೆಲೆ ಎನ್ ಬೆಳೆದಂತೆ ಸೊನ್ನೆಗೆ ಹೋಗುತ್ತದೆ, ಯೂನಿಫಾರ್ಮ್. ಇನ್ನೊಂದು, ಅಂಶ ‘ಎನ್ ಎಕ್ಸ್’, ಛೇದ ‘ಒಂದು ಕೂಡಿಸು ಎನ್ ವರ್ಗ ಎಕ್ಸ್ ವರ್ಗ’. ಇದರಲ್ಲಿ ಎಕ್ಸ್‌ಗೆ 1/ಎನ್ ಇಟ್ಟರೆ ಬೆಲೆ ಯಾವಾಗಲೂ 1/2, ಯೂನಿಫಾರ್ಮ್ ಅಲ್ಲ. ಪಕ್ಕದವನದನ್ನು ನೋಡಿ ಬರೆದವನು ಮೂರನೇ ಸಾಲಿಗೇ ಸಿಕ್ಕಿಬೀಳುತ್ತಾನೆ. ಮುಂದಿನ ವರ್ಷ ಇದೇ ಜೋಡಿ ಬೇಡ, ಬದಲಿಸಿ.

ಕೋಡ್‌ನಂಬರ್ ಉತ್ತರಿಸಿದ್ದು:

ಪರೀಕ್ಷಾ ವಿಭಾಗದ ಕಡೆಯಿಂದ ನಾಲ್ಕು ಮಾತು. ಅಫಿಲಿಯೇಟೆಡ್ ಕಾಲೇಜಿನವರು ಇದನ್ನು ಓದುತ್ತಿದ್ದರೆ: ಸೆಮ್ ಎಂಡ್ ವಿಶ್ವವಿದ್ಯಾಲಯದ್ದು, ಅದನ್ನು ಮುಟ್ಟಲು ನಿಮಗೆ ಆಗುವುದಿಲ್ಲ. ಇಂಟರ್ನಲ್ಸ್ ಎಷ್ಟಿದೆಯೋ ಅಷ್ಟರೊಳಗೆ ಎರಡು-ಮೂರು ಎಂಟ್ರಿ ಮಾಡಿಕೊಳ್ಳಬಹುದು, ಅಷ್ಟೇ.

ಅಟಾನಮಸ್ ಆದರೆ ದಾರಿ ಇದೆ. ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ (ಬಿಓಎಸ್, ವಿಷಯದ ಪಠ್ಯಕ್ರಮ ನೋಡುವ ಸಮಿತಿ) ಒಪ್ಪಿಗೆ, ಆಮೇಲೆ ಅಕಾಡೆಮಿಕ್ ಕೌನ್ಸಿಲ್. ಸೆಮ್ ಶುರುವಾಗುವ ಮೊದಲೇ ಮುಗಿದಿರಬೇಕು, ನಡುವೆ ಬದಲಿಸಿದರೆ ಒಬ್ಬ ಪೋಷಕರ ಒಂದು ಅರ್ಜಿ ಸಾಕು ಎಲ್ಲ ನಿಲ್ಲಲು. ಟಿಪ್ಪಣಿಯಲ್ಲಿ ‘ಪರೀಕ್ಷೆ ರದ್ದು’ ಅನ್ನುವ ಪದವೇ ಬೇಡ. ‘ಸೆಮಿಸ್ಟರ್ ಅಂತ್ಯದ ಮೌಲ್ಯಮಾಪನದ ಸ್ವರೂಪ’ ಅಂತ ಬರೆದು ಮೂರು ಭಾಗ ತೋರಿಸಿ. ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) 2020ರ ಸಾಲುಗಳನ್ನು ಉದ್ಧರಿಸಿ ಸಮರ್ಥಿಸಿಕೊಳ್ಳುವ ಕಾಲ ನಮ್ಮ ರಾಜ್ಯದಲ್ಲಿ 2024ಕ್ಕೆ ಮುಗಿಯಿತು, ಹಾಗಾಗಿ ಸಮರ್ಥನೆ ಕೋರ್ಸ್ ಔಟ್‌ಕಮ್ (ಕೋರ್ಸ್ ಮುಗಿದಾಗ ವಿದ್ಯಾರ್ಥಿಗೆ ಬರಬೇಕಾದದ್ದು) ಮೇಲೆ ನಿಲ್ಲಲಿ. ‘ಹೇಳಿಕೆಯ ಷರತ್ತುಗಳ ಪಾತ್ರ ಗುರುತಿಸುವುದು’ ಅನ್ನುವ ಔಟ್‌ಕಮ್ ಸಿಲೆಬಸ್‌ನಲ್ಲಿ ಇದ್ದರೆ, ಅದನ್ನು ಯಾವ ಎಂಟ್ರಿ ಅಳೆಯುತ್ತದೆ ಅಂತ ಒಂದು ಪಟ್ಟಿ ಸಾಕು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗಲೂ ಅದೇ ಕಾಗದ ಕೆಲಸಕ್ಕೆ ಬರುತ್ತದೆ.

ಜಗಳ ಹುಟ್ಟುವುದು ಎರಡು ಕಡೆ. ಒಂದು ಮರುಮೌಲ್ಯಮಾಪನ. ಉತ್ತರಪತ್ರಿಕೆಯ ನಕಲು ಪಡೆದು ರೀವ್ಯಾಲ್ಯುಯೇಶನ್‌ಗೆ ಹಾಕುವ ಅಭ್ಯಾಸ ವಿದ್ಯಾರ್ಥಿಗಳಿಗಿದೆ, ಪೋರ್ಟ್‌ಫೋಲಿಯೋದಲ್ಲೂ ಕೇಳುತ್ತಾರೆ. ಫೈಲಂತೂ ಕೈಯಲ್ಲಿರುತ್ತದೆ, ವೈವಾಕ್ಕೆ ಏನು ದಾಖಲೆ? ಒಬ್ಬೊಬ್ಬರಿಗೂ ಒಂದು ಹಾಳೆ ಇಡಿ: ಕೇಳಿದ ಪ್ರಶ್ನೆಗಳು, ಬೋರ್ಡಿನ ಬದಲು ವಿದ್ಯಾರ್ಥಿಯೇ ಕಾಗದದ ಮೇಲೆ ಬರೆದ ಉತ್ತರ, ಇಬ್ಬರು ಪರೀಕ್ಷಕರ ಅಂಕ ಬೇರೆ ಬೇರೆ. 15ಕ್ಕೆ 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲೇ ಚರ್ಚಿಸಿ ಕಾರಣ ಬರೆದು ಸಹಿ ಹಾಕಿ. ಇಬ್ಬರಲ್ಲಿ ಒಬ್ಬರು ಬೇರೆ ಕಾಲೇಜಿನ ಎಕ್ಸ್‌ಟರ್ನಲ್ ಆಗಿದ್ದರೆ ಅರ್ಧ ತಂಟೆ ಕಡಿಮೆ.

ಎರಡನೆಯದು ಬ್ಯಾಕ್‌ಲಾಗ್. ಯಾರೂ ಯೋಚಿಸುವುದೇ ಇಲ್ಲ. ಫೇಲಾದವನು ಸಪ್ಲಿಮೆಂಟರಿಯಲ್ಲಿ ಏನು ಬರೆಯಬೇಕು? 15 ವಾರದ ಡ್ರಾಫ್ಟನ್ನು ಹತ್ತು ದಿನದಲ್ಲಿ ಮತ್ತೆ ಹುಟ್ಟಿಸಲು ಆಗದು. ನಿಯಮದಲ್ಲೇ ಸೇರಿಸಿ: ಪಾಸಾದ ಎಂಟ್ರಿಗಳ ಅಂಕ ಉಳಿಯುತ್ತದೆ, ಬಾಕಿ ಎಂಟ್ರಿಗಳಿಗೆ ಮೇಲ್ವಿಚಾರಣೆಯಲ್ಲಿ ಹೊಸ ಪ್ರಶ್ನೆಯ ಡ್ರಾಫ್ಟ್, ಮೂರು ದಿನದ ನಂತರ ತಿದ್ದಿದ ಪ್ರತಿ, ಆಮೇಲೆ ಹೊಸ ವೈವಾ. ಅಟೆಂಡೆನ್ಸ್ ಶಾರ್ಟೇಜ್‌ನವರಿಗೆ ಈ ಸೌಲಭ್ಯವಿಲ್ಲ, ಅವರದ್ದು ಬೇರೆ ನಿಯಮ.

ವೈವಾಕ್ಕೆ ಪ್ರತ್ಯೇಕ ಕನಿಷ್ಠ ಅಂಕ ಇಡಿ, 15ಕ್ಕೆ 6. ಫೈಲಿನಲ್ಲಿ 25ಕ್ಕೆ 25 ತಂದು ಬಾಯಿ ಬಿಡದವನು ಪಾಸಾಗಬಾರದು.

ಮೂರುಗಂಟೆ_ಪಕ್ಷ ಉತ್ತರಿಸಿದ್ದು:

ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಐದನೇ ಸೆಮ್‌ನವರು ಮುಂದಿನ ವರ್ಷ ಎಂಎಸ್ಸಿಗೆ ಹೊರಡುವವರು. ಎಂಎಸ್ಸಿ ಪ್ರವೇಶ ಪರೀಕ್ಷೆಯಾದ ಐಐಟಿ ಜಾಮ್‌ನ ಗಣಿತ ಪೇಪರಿನಲ್ಲಿ 3 ಗಂಟೆಯಲ್ಲಿ 60 ಪ್ರಶ್ನೆ, 100 ಅಂಕ. ಸರಾಸರಿ ಪ್ರಶ್ನೆಗೆ ಮೂರು ನಿಮಿಷ. ಅಲ್ಲಿ ಏಳು ದಿನದ ಗಡುವೂ ಇಲ್ಲ, ಎರಡನೇ ಅವಕಾಶವೂ ಇಲ್ಲ. ಗಡಿಯಾರ ನೋಡಿಕೊಂಡು ಲೆಕ್ಕ ಮಾಡುವುದು ಒಂದು ಕೌಶಲ. ಸೆಮ್ ಎಂಡ್ ತೆಗೆದರೆ ಅದನ್ನು ಕಲಿಸುವ ಒಂದೇ ಜಾಗ ಹೋಯಿತು.

ಇನ್ನೊಂದು. ಪೋರ್ಟ್‌ಫೋಲಿಯೋದಲ್ಲಿ ಐದು ವಿಷಯ ಆಳವಾಗಿ ಬರುತ್ತವೆ, ಉಳಿದ ಸಿಲೆಬಸ್ ಓದದೆಯೂ ದಾಟಬಹುದು. ಪವರ್ ಸೀರೀಸ್ ಬರಲಿಲ್ಲ ಅಂದರೆ ಪವರ್ ಸೀರೀಸ್ ಓದುವವರು ಯಾರು?

ಡೆಲ್ಟಾ_ಸಾಲದು:

ಎರಡನೇ ಮಾತು ನಿಜ, ಅದಕ್ಕೇ ಆ 45 ನಿಮಿಷದ ಟೆಸ್ಟ್ ಇಟ್ಟದ್ದು. ಇಡೀ ಸಿಲೆಬಸ್‌ನಿಂದ 20 ಪ್ರಶ್ನೆ, ತಲಾ ಅರ್ಧ ಅಂಕ: ಡೆಫಿನಿಶನ್ ಪೂರ್ತಿ ಮಾಡಿ, ಸರಿಯೋ ತಪ್ಪೋ ಹೇಳಿ ಒಂದು ಸಾಲಿನ ಕಾರಣ ಕೊಡಿ, ರೇಡಿಯಸ್ ಆಫ್ ಕನ್ವರ್ಜೆನ್ಸ್ ಹುಡುಕಿ. ಪವರ್ ಸೀರೀಸ್ ಓದದೆ ಇದನ್ನು ಮಾಡಲಾಗದು.

ಮೊದಲನೇ ಮಾತಿಗೆ: ನಮ್ಮ ಮೂರು ಗಂಟೆಯ ಪೇಪರು ಜಾಮ್‌ಗೆ ತಯಾರಿ ಕೊಡುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಇರುವುದು ಬಹುಆಯ್ಕೆ ಮತ್ತು ಸಂಖ್ಯೆ ತುಂಬುವ ಪ್ರಶ್ನೆ, ಇಲ್ಲಿ ಇರುವುದು ಥಿಯರಮ್ ಒಪ್ಪಿಸುವುದು. ವೇಗ ಬೇಕಿದ್ದರೆ ಇಂಟರ್ನಲ್ಸ್‌ನ ಎರಡು ಟೆಸ್ಟಲ್ಲಿ ಒಂದನ್ನು ಜಾಮ್ ಮಾದರಿಯಲ್ಲಿ ಮಾಡಿ. ಆ 50 ಅಂಕ ಹಾಗೇ ಇದೆಯಲ್ಲ.

ಮೂರುಗಂಟೆ_ಪಕ್ಷ:

ಇಂಟರ್ನಲ್ಸ್ ಬಿಗಿಯಾಗಿ ನಡೆದರೆ ಸರಿ. ಬ್ಲೂ ಬುಕ್ ಕೊಟ್ಟು ಪ್ರಶ್ನೆ ಮೊದಲೇ ಹೇಳುವ ಕಡೆ ಈ ಮಾತು ನಿಲ್ಲುವುದಿಲ್ಲ. ಹಾಗೆಯೇ ಮೊದಲ ಸೆಮ್ ಕ್ಯಾಲ್ಕುಲಸ್‌ಗೆ, 120 ಜನರ ಕ್ಲಾಸಿಗೆ, ಇದನ್ನು ದಯವಿಟ್ಟು ತರಬೇಡಿ. ಅಲ್ಲಿ ಬೇಕಿರುವುದು ಕೈ ಪಳಗುವುದು.

ಡೆಲ್ಟಾ_ಸಾಲದು:

120 ಜನರ ಬಗ್ಗೆ ತಕರಾರಿಲ್ಲ.

ಅನಂತಶ್ರೇಣಿ:

ಎಲ್ಲರಿಗೂ ಧನ್ಯವಾದ. ತಿದ್ದುವ ಹೊತ್ತಿನ ಲೆಕ್ಕ ಯಾರಾದರೂ ಕೊಡುತ್ತೀರಾ? ಹಾಗೆಯೇ ತಿದ್ದುವಾಗ ಹಾಳೆಯ ಮೇಲೆ ಏನು ಬರೆಯಬೇಕು ಅನ್ನುವುದು ಸ್ಪಷ್ಟವಾಗಲಿಲ್ಲ. ತಪ್ಪೆಲ್ಲ ತೋರಿಸಿಬಿಟ್ಟರೆ ತಿದ್ದಿದ ಪ್ರತಿ ನಮ್ಮದೇ ಆಗುತ್ತದಲ್ಲ?

ಕೆಂಪುಶಾಯಿ ಉತ್ತರಿಸಿದ್ದು:

ಮೊದಲು ಲೆಕ್ಕ. ಡ್ರಾಫ್ಟ್ ಓದಲು 4 ನಿಮಿಷ, ತಿದ್ದಿದ ಪ್ರತಿಗೆ 3. 58 ಜನ, 5 ಎಂಟ್ರಿ, ತಲಾ 7 ನಿಮಿಷ: 2,030 ನಿಮಿಷ, ಅಂದರೆ ಸುಮಾರು 34 ಗಂಟೆ. ಅರ್ಧದಷ್ಟು ಜನ ಎರಡನೇ ಸಲ ತಿದ್ದಿದರೆ ಇನ್ನೂ 7 ಗಂಟೆ. ವೈವಾ ಒಬ್ಬರಿಗೆ 12 ನಿಮಿಷ, ಅಂಕ ಬರೆಯಲು 3, ಒಟ್ಟು ಹದಿನಾಲ್ಕೂವರೆ ಗಂಟೆ, ಇಬ್ಬರಿಗೂ. ಒಂದು ಸ್ಕ್ರಿಪ್ಟಿಗೆ 20 ನಿಮಿಷದಂತೆ ಮಾಮೂಲಿ ವ್ಯಾಲ್ಯುಯೇಶನ್ 19 ಗಂಟೆಗೆ ಮುಗಿಯುತ್ತದೆ. ಹಾಗಾಗಿ ಕೆಲಸ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಎರಡನೇ ಸಲ ತಿದ್ದುವುದನ್ನು ಬಿಟ್ಟರೂ ಅದರ ಎರಡೂವರೆ ಪಟ್ಟು ಆಗುತ್ತದೆ. 15 ವಾರಕ್ಕೆ ಹರಡಿದರೆ ತಿದ್ದುವುದು ವಾರಕ್ಕೆ ಮೂರು ಗಂಟೆಯೊಳಗೆ ಬರುತ್ತದೆ. ನಿಮ್ಮ ಎಂಟು ಎಂಟ್ರಿಯ ಯೋಜನೆಯಾಗಿದ್ದರೆ ಮೊದಲ ಸುತ್ತಿಗೇ 54 ಗಂಟೆ ಹೋಗುತ್ತಿತ್ತು. ಈ ಹೊತ್ತನ್ನು ವರ್ಕ್‌ಲೋಡ್‌ನಲ್ಲಿ ತೋರಿಸುವಂತೆ ಮೊದಲೇ ಕೇಳಿ. ಗೆಸ್ಟ್ ಲೆಕ್ಚರರ್‌ಗಳ ಮೇಲೆ ಹೇರಿ, ದುಡ್ಡು ಮಾತ್ರ ಕ್ಲಾಸಿನ ಗಂಟೆಗೆ ಕೊಟ್ಟರೆ ಎರಡನೇ ವರ್ಷ ಯೋಜನೆ ಸಾಯುತ್ತದೆ.

ಈಗ ತಿದ್ದುವುದು. ನಾಲ್ಕೇ ಮಟ್ಟ ಇಡಿ: ಪೂರ್ಣ (4), ಸಣ್ಣ ತಿದ್ದುಪಡಿ ಸಾಕು (3), ಮತ್ತೆ ಬರೆಯಿರಿ (2), ಅಳೆಯುವಷ್ಟು ಇಲ್ಲ (0). ಅರ್ಧ, ಕಾಲು ಅಂಕ ಬೇಡ; ಅದು ಚೌಕಾಸಿಗೆ ದಾರಿ. ಹಾಳೆಯ ಮೇಲೆ ಸರಿ ಉತ್ತರ ಬರೆಯಬಾರದು. ತಪ್ಪಿದ ಸಾಲಿಗೆ ಗೆರೆ, ಪಕ್ಕದಲ್ಲಿ ಒಂದು ಪ್ರಶ್ನೆ. ಅಷ್ಟೇ.

ಒಂದು ಉದಾಹರಣೆ. ಎಕ್ಸ್‌ನ ಎನ್‌ನೇ ಘಾತ, 0ಯಿಂದ 1ರವರೆಗೆ, 1 ಸೇರಿಲ್ಲ. ಎನ್ ಬೆಳೆದಂತೆ ಇದು ಯೂನಿಫಾರ್ಮ್ ಆಗಿ 0ಗೆ ಹೋಗುತ್ತದಾ ಅನ್ನುವುದು ಪ್ರಶ್ನೆ. ಡ್ರಾಫ್ಟಿನಲ್ಲಿ ಪ್ರತಿ ವರ್ಷವೂ ಬರುವ ಪ್ರೂಫ್ ಇದು:

‘ಎಪ್ಸಿಲಾನ್ ಕೊಟ್ಟಿದೆ, ಅದು 1ಕ್ಕಿಂತ ಕಡಿಮೆ ಇರಲಿ. ಎಕ್ಸ್ 0 ಆದರೆ ಏನೂ ಸಾಧಿಸಬೇಕಿಲ್ಲ. ಇಲ್ಲದಿದ್ದರೆ ಲಾಗ್ ಎಪ್ಸಿಲಾನ್ ಭಾಗಿಸು ಲಾಗ್ ಎಕ್ಸ್, ಇದಕ್ಕಿಂತ ದೊಡ್ಡ ಪೂರ್ಣಾಂಕವನ್ನು ಎನ್‌ಗೆ ಆರಿಸಿಕೊಂಡರೆ ಘಾತ ಎಪ್ಸಿಲಾನ್‌ಗಿಂತ ಕಡಿಮೆ. ಆದ್ದರಿಂದ ಯೂನಿಫಾರ್ಮ್ ಆಗಿ 0ಗೆ ಹೋಗುತ್ತದೆ.’

ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ತಪ್ಪಿರುವುದು ಎನ್ ಆರಿಸಿದ ಸಾಲಿನಲ್ಲಿ: ಎಕ್ಸ್ ನೋಡಿಕೊಂಡು ಎನ್ ಆರಿಸಿದ್ದಾರೆ. ಇಲ್ಲಿ ‘ಎನ್ ಎಕ್ಸ್ ಮೇಲೆ ಅವಲಂಬಿಸಬಾರದು’ ಅಂತ ನೀವು ಬರೆದರೆ ಆ ವಾಕ್ಯವನ್ನೇ ತಿದ್ದಿದ ಪ್ರತಿಗೆ ಇಳಿಸಿ, ಕೊನೆಗೆ ‘ಆದ್ದರಿಂದ ಯೂನಿಫಾರ್ಮ್ ಅಲ್ಲ’ ಸೇರಿಸಿ ಕೊಡುತ್ತಾರೆ. ಬದಲಿಗೆ ಹೀಗೆ ಕೇಳಿ: ‘ಎಪ್ಸಿಲಾನ್ 1/2. ನೀವು ಎನ್ 10 ಆರಿಸಿದಿರಿ ಅನ್ನೋಣ. ಎಕ್ಸ್ 0.95 ಆದರೆ?’ ಕ್ಯಾಲ್ಕುಲೇಟರ್ ಒತ್ತಿದರೆ 0.95ರ ಹತ್ತನೇ ಘಾತ ಸುಮಾರು 0.599. ಅರ್ಧಕ್ಕಿಂತ ಹೆಚ್ಚು. ಎನ್ ದೊಡ್ಡದು ಮಾಡಿದರೆ ಎಕ್ಸ್ ಅನ್ನು 1ಕ್ಕೆ ಇನ್ನಷ್ಟು ಹತ್ತಿರ ತಂದು ಮತ್ತೆ ಕೆಡಿಸಬಹುದು ಅನ್ನುವುದು ಆಗ ಅವರಿಗೇ ಕಾಣುತ್ತದೆ, ತಿದ್ದಿದ ಪ್ರೂಫ್ ಅಲ್ಲಿಂದ ಹುಟ್ಟುತ್ತದೆ.

ವೈವಾದಲ್ಲಿ ಇದೇ ಎಂಟ್ರಿಯಿಂದ ಷರತ್ತು ಬದಲಿಸಿ ಕೇಳಿ. ‘ಅಂತರ 0ಯಿಂದ 0.9ರವರೆಗೆ ಮಾತ್ರ. ಈಗ?’ ಈಗ ಯೂನಿಫಾರ್ಮ್. ‘ಎಪ್ಸಿಲಾನ್ 0.01ಕ್ಕೆ ಎಷ್ಟು ಎನ್ ಸಾಕು?’ 44. ಚಾಟ್‌ಜಿಪಿಟಿಯಿಂದ ಇಳಿಸಿಕೊಂಡವರು ಎಡವುವುದು ಇಲ್ಲಿಯೇ, ಏಕೆಂದರೆ ಹೊಸ ಸಂಖ್ಯೆಯನ್ನು ತಮ್ಮ ಪ್ರೂಫಿನ ಯಾವ ಸಾಲಿಗೆ ಹಾಕಬೇಕು ಅಂತಲೇ ಗೊತ್ತಾಗುವುದಿಲ್ಲ. ತಿದ್ದಿದ ಪ್ರತಿಯಲ್ಲಿ ಕ್ಲಾಸಿನಲ್ಲಿ ಮಾಡದ ಡಿನಿ ಥಿಯರಮ್‌ನಂಥದ್ದು ದಿಢೀರನೆ ಬಂದಿದ್ದರೂ ಶಿಕ್ಷೆ ಬೇಡ. ಅದರ ಹೇಳಿಕೆ ಬರೆಸಿ, ಷರತ್ತು ಒಂದೊಂದೂ ಇಲ್ಲಿ ಹೊಂದುತ್ತದಾ ಅಂತ ಕೇಳಿ. ಎಐ ಪತ್ತೆ ಹಚ್ಚುವ ಸಾಫ್ಟ್‌ವೇರಿಗೆ ಮಾತ್ರ ದುಡ್ಡು ಸುರಿಯಬೇಡಿ. ಕೈಬರಹದ ಪ್ರೂಫಿಗೆ ಅದು ನಿರುಪಯೋಗಿ.

ಇಬ್ಬರು ತಿದ್ದುವವರಿದ್ದರೆ ಮೊದಲ ಎಂಟ್ರಿಯ ಆರು ಹಾಳೆಗಳನ್ನು ಇಬ್ಬರೂ ಬೇರೆ ಬೇರೆ ತಿದ್ದಿ ಹೋಲಿಸಿ. ಗಲಾಟೆ ಬರುವುದು 3 ಮತ್ತು 2ರ ನಡುವೆ. ‘ಒಂದು ಸಾಲು ಸೇರಿಸಿದರೆ ಪ್ರೂಫ್ ನಿಲ್ಲುತ್ತದಾ?’ ನಿಂತರೆ 3, ಇಲ್ಲದಿದ್ದರೆ 2 ಅಂತ ಇಟ್ಟುಕೊಂಡರೆ ಬಹುಪಾಲು ಒಮ್ಮತ ಬರುತ್ತದೆ.

ಹಳ್ಳಿಮೇಡಂ ಉತ್ತರಿಸಿದ್ದು:

ಮುಖಪತ್ರದ ಬಗ್ಗೆ ಯಾರೂ ಹೇಳಲಿಲ್ಲ. 5 ಅಂಕ ಅದಕ್ಕಿದೆ, ಮೈಮರೆತರೆ ಅದು ‘ಈ ಪೋರ್ಟ್‌ಫೋಲಿಯೋ ಮಾಡಿ ನಾನು ಬಹಳ ಕಲಿತೆ, ಅವಕಾಶ ಕೊಟ್ಟ ಗುರುಗಳಿಗೆ ವಂದನೆ’ ಆಗುತ್ತದೆ. ಅದಕ್ಕೆ ಸೊನ್ನೆ ಅಂತ ಮೊದಲೇ ಹೇಳಿ. ಒಂದೇ ಪುಟ, ಮೂರು ಪ್ರಶ್ನೆಗೆ ಉತ್ತರ: ಯಾವ ಎಂಟ್ರಿಯ ಯಾವ ಸಾಲು ಹೆಚ್ಚು ಬದಲಾಯಿತು, ಡ್ರಾಫ್ಟಿನ ಸಾಲು ಮತ್ತು ಹೊಸ ಸಾಲು ಎರಡನ್ನೂ ಬರೆಯಿರಿ, ಯಾಕೆ ಬದಲಾಯಿತು, ಈಗಲೂ ಖಾತ್ರಿಯಿಲ್ಲದ ಸಾಲು ಯಾವುದು. ಮೂರನೇ ಪ್ರಶ್ನೆಯಿಂದಲೇ ವೈವಾ ಶುರು ಮಾಡಬಹುದು. ತಾವೇ ಅನುಮಾನ ಬರೆದವರಿಗೆ ಅಂಕ ಕಳೆಯಬಾರದು, ಕಳೆದರೆ ಮುಂದಿನ ಬ್ಯಾಚ್ ಯಾರೂ ನಿಜ ಬರೆಯುವುದಿಲ್ಲ.

ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿದ್ದರೆ ಮುಖಪತ್ರವನ್ನು, ವೈವಾವನ್ನು ಕನ್ನಡದಲ್ಲಿ ಬಿಡಿ. ಪ್ರೂಫ್ ಇಂಗ್ಲಿಷಿನಲ್ಲೇ ಇರಲಿ. ‘ಮೊದಲು ಎಕ್ಸ್ ಹಿಡಿದುಕೊಂಡು ಎನ್ ಹುಡುಕಿದ್ದೆ, ಎನ್ ಮೊದಲು ಬರಬೇಕಿತ್ತು, ಆಮೇಲೆ ಯಾವ ಎಕ್ಸ್ ಕೊಟ್ಟರೂ ಅದು ತಾಳಬೇಕಿತ್ತು’ ಅನ್ನುವಷ್ಟು ಹೇಳಿದರೆ ಅರ್ಥವಾಗಿದೆ ಅಂತ ಲೆಕ್ಕ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ಪುಸ್ತಕದ ವಾಕ್ಯ ಬರುತ್ತದೆ. ನಾವು ಅಳೆಯುತ್ತಿರುವುದು ಅನಾಲಿಸಿಸ್ಸನ್ನು.

ಅನಂತಶ್ರೇಣಿ:

ಬಿಓಎಸ್ ಟಿಪ್ಪಣಿಗೆ ಬೇಕಾದಷ್ಟು ಸಿಕ್ಕಿತು. ಐದು ಎಂಟ್ರಿಗೇ ಇಳಿಸುತ್ತೇವೆ. ಕೊನೆಯದೊಂದು: ಹಾಳೆಗಳನ್ನು ಎಲ್ಲಿಡುವುದು? ವಿದ್ಯಾರ್ಥಿಗಳ ಹತ್ತಿರವೇ ಇದ್ದರೆ ಡ್ರಾಫ್ಟ್ ಬದಲಾಗುವ ಭಯ.

ಕೋಡ್‌ನಂಬರ್:

ಡ್ರಾಫ್ಟ್ ಬರೆದ ದಿನವೇ ಸಂಗ್ರಹಿಸಿ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಮೂಲ ಪ್ರತಿ ವಿಭಾಗದ ಬೀರುವಿನಲ್ಲಿ. ವಿದ್ಯಾರ್ಥಿಗೆ ಟಿಪ್ಪಣಿ ಸಮೇತ ಜೆರಾಕ್ಸ್ ಕೊಡಿ, ಮೂಲ ಬೇಡ. ಪಿಡಿಎಫ್ ಹೆಸರಿನಲ್ಲಿ ರೋಲ್ ನಂಬರ್, ಎಂಟ್ರಿ ಸಂಖ್ಯೆ, ಡ್ರಾಫ್ಟೋ ತಿದ್ದಿದ್ದೋ ಇಷ್ಟಿರಲಿ. ‘ಸ್ಕ್ಯಾನ್ 1’, ‘ಹೊಸ ಸ್ಕ್ಯಾನ್’ ಅಂತ ಬಂದದ್ದನ್ನು ವಾಪಸ್ ಕಳಿಸಿ. ಪೆನ್ಸಿಲ್ ಬಿಡಬೇಡಿ, ಸ್ಕ್ಯಾನ್‌ನಲ್ಲಿ ಮಾಸುತ್ತದೆ, ರಬ್ಬರ್ ಕೆಲಸವೂ ಕಾಣುವುದಿಲ್ಲ. ತಪ್ಪಿದ್ದಕ್ಕೆ ಒಂದು ಗೆರೆ ಎಳೆದು ಮುಂದೆ ಬರೆಯಲಿ. ಫಲಿತಾಂಶ ಬಂದು ರೀವ್ಯಾಲ್ಯುಯೇಶನ್ ಗಡುವು ಮುಗಿಯುವವರೆಗೆ ಬೀರುವಿನ ಕೀ ಒಬ್ಬರ ಹತ್ತಿರವೇ ಇರಲಿ.